ಪವರ್ ನೋಡಿ ಆಂಟಿಬಯೋಟಿಕ್ ಆರಿಸಬೇಡಿ: ಕರಾವಳಿಯ ಮಳೆಗಾಲಕ್ಕೊಂದು ಹೋಲಿಕೆ

“ಇದು ಸಾದಾ ಅಲ್ವಾ? ಸ್ವಲ್ಪ ಪವರಿನದ್ದು ಇದ್ರೆ ಕೊಡಿ ಮಾರಾಯ್ರೆ.” ಮಳೆ ಹಿಡಿದ ಮೇಲೆ ಉಡುಪಿಯ ಯಾವ ಮೆಡಿಕಲ್‌ನ ಎದುರು ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಕೌಂಟರಿನ ಒಳಗೆ ನಿಂತು ಮಾತ್ರೆ ಕೊಡುವ ನಮಗೆ ಆ ಗಡಿಬಿಡಿಯಲ್ಲಿ ವಿವರಿಸಲು ಪುರುಸೊತ್ತಿರುವುದಿಲ್ಲ. ಕೇಳಿದವರಿಗೂ ಬಸ್ಸಿನ ಹೊತ್ತಾಗಿರುತ್ತದೆ. ಹಾಗಾಗಿ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ. ಯಾವ ಮಾತ್ರೆ ಎಂದು ತೀರ್ಮಾನಿಸಬೇಕಾದವರು ವೈದ್ಯರೇ. ಆದರೆ ಅವರು ಅಮೋಕ್ಸಿಸಿಲಿನ್ ಬಿಟ್ಟು ಡಾಕ್ಸಿಸೈಕ್ಲಿನ್ ಬರೆದದ್ದು ಯಾಕೆ, ಪಕ್ಕದ ಮನೆಯವರಿಗೆ ಗುಣವಾದ ಮಾತ್ರೆ ನಿಮಗೆ ಯಾಕಾಗುವುದಿಲ್ಲ ಎಂಬುದು ತಿಳಿದಿದ್ದರೆ ಡಾಕ್ಟರ ಎದುರು ಕೂತಾಗ ಹೇಳಬೇಕಾದದ್ದು ಬಾಯಿಗೆ ಬರುತ್ತದೆ.

ಆಂಟಿಬಯೋಟಿಕ್‌ಗೆ ಪವರ್ ಎಂಬ ಅಳತೆಯೇ ಇಲ್ಲ. ಸ್ಟ್ರಿಪ್ಪಿನ ಮೇಲೆ ಕಾಣುವ 100, 500, 625 ಎಂಬ ಸಂಖ್ಯೆಗಳು ಮಿಲಿಗ್ರಾಂ ಅಷ್ಟೆ. 100 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಮಾಡುವ ಕೆಲಸವನ್ನು 1000 ಮಿಲಿಗ್ರಾಂ ಅಮೋಕ್ಸಿಸಿಲಿನ್ ಮಾಡಲಾರದ ಕಾಯಿಲೆಗಳುಂಟು. ಬ್ರಾಡ್ ಸ್ಪೆಕ್ಟ್ರಮ್ ಎಂದು ಕರೆಯುವುದು ಹಲವು ಜಾತಿಯ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುವ ಮದ್ದನ್ನು. ಒಂದೊಂದರ ಮೇಲೂ ಅದು ಜಾಸ್ತಿ ಜೋರು ಎಂದೇನೂ ಅಲ್ಲ. ರೋಗಿಯ ಸ್ಥಿತಿ ಗಂಭೀರವಾಗಿದ್ದು, ಯಾವ ಬ್ಯಾಕ್ಟೀರಿಯಾ ಎಂದು ಗೊತ್ತಾಗುವ ತನಕ ಕಾಯಲು ಆಗದಿದ್ದಾಗ ಇಂಥ ಮದ್ದು ಬೇಕೇ ಬೇಕು. ರಕ್ತ, ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಯ ರಿಪೋರ್ಟ್ ಕೈಗೆ ಬಂದ ಮೇಲೆ ಆ ಒಂದು ಬ್ಯಾಕ್ಟೀರಿಯಾಕ್ಕೆ ತಕ್ಕ, ವ್ಯಾಪ್ತಿ ಕಿರಿದಾದ ಮದ್ದಿಗೆ ಇಳಿಯುತ್ತಾರೆ. ಎರಡನೆಯದು ಅಗ್ಗದ್ದಾಗಿದ್ದರೆ “ಡಾಕ್ಟ್ರು ಯಾಕೋ ಕಡಿಮೆ ಮಾಡಿಬಿಟ್ರು” ಎಂದು ಮುಖ ಸಣ್ಣ ಮಾಡುವವರಿದ್ದಾರೆ. ನನ್ನ ಲೆಕ್ಕದಲ್ಲಿ ಅದು ಒಳ್ಳೆಯ ಚಿಕಿತ್ಸೆಯ ಗುರುತು.

ವ್ಯಾಪ್ತಿ ಹಿರಿದಾದಷ್ಟೂ ಕರುಳಿನಲ್ಲಿ ತಮ್ಮ ಪಾಡಿಗೆ ಇರುವ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಬೇಧಿ, ನಾಲಗೆಯ ಮೇಲೆ ಬಿಳಿ ಪದರ, ಹೆಂಗಸರಲ್ಲಿ ತುರಿಕೆಯ ಜೊತೆ ಬಿಳಿಸ್ರಾವ ಕಾಣಿಸಿಕೊಳ್ಳುವುದು ಅದರಿಂದಲೇ. ಸಾಯದೆ ಉಳಿಯುವವು ಆ ಮದ್ದಿಗೆ ಬಗ್ಗದ ತಳಿಗಳು.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿತು: ಮೊದಲಿಗೆ ಬಳಸಬಹುದಾದವು, ನೋಡಿಕೊಂಡು ಬಳಸಬೇಕಾದವು, ಬೇರೇನೂ ನಡೆಯದಾಗ ಮಾತ್ರ ತೆಗೆಯಬೇಕಾದವು. ಅಮೋಕ್ಸಿಸಿಲಿನ್, ಅಮೋಕ್ಸಿಸಿಲಿನ್-ಕ್ಲಾವುಲನೇಟ್, ಡಾಕ್ಸಿಸೈಕ್ಲಿನ್, ನೈಟ್ರೋಫ್ಯುರಾಂಟೊಯಿನ್ ಮೊದಲನೆಯದರಲ್ಲಿವೆ. ಅಜಿತ್ರೊಮೈಸಿನ್, ಸಿಪ್ರೊಫ್ಲಾಕ್ಸಸಿನ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಎರಡನೆಯದರಲ್ಲಿ. ಚೀಟಿ ಇಲ್ಲದೆ ಹೆಸರು ಹಿಡಿದು ಕೇಳುವವರು ನಮ್ಮಲ್ಲಿ ಹೆಚ್ಚಾಗಿ ಕೇಳುವುದು ಈ ಎರಡನೆಯ ಗುಂಪಿನದ್ದನ್ನೇ.

ಮಳೆಗಾಲದ ಜ್ವರ: ಡಾಕ್ಸಿಸೈಕ್ಲಿನ್, ಅಜಿತ್ರೊಮೈಸಿನ್, ಸೆಫ್ಟ್ರಿಯಾಕ್ಸೋನ್

ಕರಾವಳಿಯಲ್ಲಿ ಹೋಲಿಕೆ ಮಾಡಲೇಬೇಕಾದ ಮೂರು ಮದ್ದುಗಳಿವು. ಅದಕ್ಕೂ ಮೊದಲು ಒಂದು ಮಾತು. ಇಲ್ಲಿ ಮಳೆಗಾಲದ ಜ್ವರಗಳಲ್ಲಿ ಹಲವಕ್ಕೆ ಆಂಟಿಬಯೋಟಿಕ್‌ನ ಸಂಬಂಧವೇ ಇಲ್ಲ. ಡೆಂಗಿ ವೈರಸ್‌ನಿಂದ ಬರುವುದು. ಮಲೇರಿಯಾ ಪರೋಪಜೀವಿಯಿಂದ ಬರುವುದು, ಅದರ ಮಾತ್ರೆಗಳೇ ಬೇರೆ. ಮಂಗಳೂರಿನಲ್ಲಂತೂ ಜ್ವರ ಎಂದರೆ ಮೊದಲು ರಕ್ತ ತಪಾಸಣೆ ಎಂಬುದು ಹಳೆಯ ರೂಢಿ, ಅದು ಸರಿಯಾದದ್ದೇ. ಘಟ್ಟದ ಕಡೆಯ ಮಂಗನ ಕಾಯಿಲೆಯೂ ವೈರಸ್‌ನದ್ದು. ರಿಪೋರ್ಟ್ ಬರುವ ತನಕ ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಮೈಕೈ ನೋವೆಂದು ಬ್ರೂಫೆನ್, ಡೈಕ್ಲೊಫೆನಾಕ್ ನುಂಗಬೇಡಿ, ಡೆಂಗಿಯಾಗಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಆಂಟಿಬಯೋಟಿಕ್ ಬೇಕಾಗುವ ಜ್ವರಗಳಲ್ಲಿ ನಮಗೆ ಮುಖ್ಯವಾದದ್ದು ಇಲಿಜ್ವರ. ಇಲಿಯ ಮೂತ್ರದಿಂದ ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ನೀರಿಗೆ, ಕೆಸರಿಗೆ ಸೇರುತ್ತದೆ. ಅಲ್ಲಿಂದ ಕಾಲಿನ ಗಾಯ, ಹಿಮ್ಮಡಿಯ ಬಿರುಕಿನ ಮೂಲಕ ಮೈಯೊಳಗೆ ಹೋಗುತ್ತದೆ. ನೇಜಿ ನೆಟ್ಟವರು, ತೋಟದ ಕಣಿ ಬಿಡಿಸಿದವರು, ಬಂದರಿನಲ್ಲಿ ಚರಂಡಿ ಉಕ್ಕಿದ ನೀರಿನಲ್ಲಿ ಬರಿಗಾಲಲ್ಲಿ ನಡೆದವರು, ಇವರೆಲ್ಲ ಜ್ವರ ಬಂದಾಗ ಅದನ್ನು ಡಾಕ್ಟರಿಗೆ ಹೇಳಲೇಬೇಕು. ತೊಡಕೆಂದರೆ ಜ್ವರ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ನೀರಿಗಿಳಿದ 5ರಿಂದ 14 ದಿನಗಳ ಮೇಲೆ. ಅಷ್ಟರಲ್ಲಿ ಗದ್ದೆ ಕೆಲಸ ಮುಗಿದಿರುತ್ತದೆ, ಅದು ನೆನಪಿಗೆ ಬರುವುದೇ ಇಲ್ಲ. ಮುಟ್ಟಿದರೆ ಜೀವ ಹೋಗುವಂಥ ಮೀನಖಂಡದ ನೋವು, ಕೆಂಪಾದ ಕಣ್ಣು ಇದ್ದರೆ ಸಂಶಯ ಗಟ್ಟಿಯಾಗುತ್ತದೆ. ಕಣ್ಣು ಹಳದಿಯಾದರೆ, ಮೂತ್ರ ಕಡಿಮೆಯಾದರೆ, ಉಸಿರು ಸಿಕ್ಕಿಕೊಂಡರೆ ಮೆಡಿಕಲ್ ಕಡೆ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ. ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆ, ಮಂಗಳೂರಿನವರಿಗೆ ವೆನ್‌ಲಾಕ್ ಇದ್ದೇ ಇದೆ.

ಎರಡನೆಯದು ಸ್ಕ್ರಬ್ ಟೈಫಸ್. ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿ ಕಚ್ಚಿ ಬರುವ ಜ್ವರ. ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ ಇರಬಹುದು. ಕಂಕುಳು, ತೊಡೆಸಂದು, ಸೀರೆಯ ಲಂಗ ಕಟ್ಟುವ ಸೊಂಟ, ಹೀಗೆ ಮರೆಯ ಜಾಗಗಳಲ್ಲೇ ಅದು ಹೆಚ್ಚು. ನೋವಿಲ್ಲದ್ದರಿಂದ ರೋಗಿಗೇ ಗೊತ್ತಿರುವುದಿಲ್ಲ. ಜ್ವರ ಬಂದಾಗ ಸ್ನಾನದ ಕೋಣೆಯಲ್ಲಿ ಒಮ್ಮೆ ಮೈಯೆಲ್ಲ ನೋಡಿಕೊಳ್ಳಿ. ಕಂಡರೆ ನಾಚಿಕೊಳ್ಳದೆ ತೋರಿಸಿ. ಎಷ್ಟೋ ಪರೀಕ್ಷೆಗಳು ಹೇಳದ್ದನ್ನು ಆ ಕಲೆ ಹೇಳುತ್ತದೆ.

ಈಗ ಮದ್ದಿಗೆ ಬರೋಣ. ಡಾಕ್ಸಿಸೈಕ್ಲಿನ್ ಇಲಿಜ್ವರದ ಸೌಮ್ಯ ಹಂತಕ್ಕೂ ಆಗುತ್ತದೆ, ಸ್ಕ್ರಬ್ ಟೈಫಸ್‌ಗೂ ಆಗುತ್ತದೆ. ದೊಡ್ಡವರಿಗೆ ಸಾಮಾನ್ಯವಾಗಿ 100 ಮಿಲಿಗ್ರಾಂ ದಿನಕ್ಕೆರಡು ಸಲ, ಸುಮಾರು ಒಂದು ವಾರ. ಎರಡೂ ಜ್ವರ ಆರಂಭದಲ್ಲಿ ಒಂದೇ ತೆರನಾಗಿ ಕಾಣುತ್ತವೆ. ರಕ್ತದ ಐಜಿಎಂ ಪರೀಕ್ಷೆ ಮೊದಲ ದಿನಗಳಲ್ಲಿ ನೆಗೆಟಿವ್ ಬರಬಹುದು, ಏಕೆಂದರೆ ಅದು ಹುಡುಕುವ ಪ್ರತಿಕಾಯಗಳು ಮೈಯಲ್ಲಿ ಹುಟ್ಟಲು ಹೆಚ್ಚುಕಡಿಮೆ ಒಂದು ವಾರ ಬೇಕು. ಅಲ್ಲಿಯ ತನಕ ಕಾದರೆ ಕಿಡ್ನಿ, ಲಿವರ್ ಕೈಕೊಡಬಹುದು. ಹಾಗಾಗಿ ರಿಪೋರ್ಟಿಗೆ ಮೊದಲೇ ಡಾಕ್ಸಿಸೈಕ್ಲಿನ್ ಶುರುಮಾಡುವುದು ನಮ್ಮೂರಿನ ವೈದ್ಯರ ಕ್ರಮ. ಬೆಲೆ ಕಡಿಮೆ ಎಂದು ಜನ ಇದನ್ನು ಲೆಕ್ಕಕ್ಕಿಡುವುದಿಲ್ಲ. 1967ರಿಂದ ಬಳಕೆಯಲ್ಲಿರುವ ಈ ಹಳೆಯ ಮದ್ದು ಕರಾವಳಿಯ ಮಟ್ಟಿಗೆ ಇವತ್ತಿಗೂ ಚಿನ್ನದಂಥದ್ದು ಎಂದೇ ನನ್ನ ಅಭಿಪ್ರಾಯ.

ಅಜಿತ್ರೊಮೈಸಿನ್ ಇದೇ ಕೆಲಸವನ್ನು ಬೇರೆ ಕೆಲವರಿಗೆ ಮಾಡುತ್ತದೆ. ಗರ್ಭಿಣಿಯರಿಗೆ ಡಾಕ್ಸಿಸೈಕ್ಲಿನ್ ಕೊಡುವುದಿಲ್ಲ, ಮಗುವಿನ ಹಲ್ಲು, ಎಲುಬಿಗೆ ತೊಂದರೆ. ಅವರಿಗೆ ಸ್ಕ್ರಬ್ ಟೈಫಸ್ ಆದರೆ ಅಜಿತ್ರೊಮೈಸಿನ್ ಕೊಡುತ್ತಾರೆ. ಎಂಟು ವರ್ಷದೊಳಗಿನ ಮಕ್ಕಳಿಗೂ ಹಿಂದೆಲ್ಲ ಡಾಕ್ಸಿಸೈಕ್ಲಿನ್ ಪೂರ್ತಿ ನಿಷಿದ್ಧವಾಗಿತ್ತು. ಈಗ ಸ್ಕ್ರಬ್ ಟೈಫಸ್‌ನಂಥ ಕಾಯಿಲೆಗೆ ಕೆಲವೇ ದಿನಗಳ ಮಟ್ಟಿಗೆ ಕೊಡಬಹುದೆಂದು ಮಕ್ಕಳ ತಜ್ಞರು ಒಪ್ಪುತ್ತಾರೆ, ಆದ್ದರಿಂದ ಚೀಟಿಯಲ್ಲಿ ಕಂಡರೆ ಗಾಬರಿಬೀಳಬೇಡಿ. ಸ್ಕ್ರಬ್ ಟೈಫಸ್ ತೀವ್ರವಾದಾಗ ಎರಡನ್ನೂ ಒಟ್ಟಿಗೆ ನರಕ್ಕೆ ಕೊಟ್ಟರೆ ಒಂದನ್ನೇ ಕೊಟ್ಟದ್ದಕ್ಕಿಂತ ಉತ್ತಮ ಎಂದು ಭಾರತದಲ್ಲೇ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಅದು ಆಸ್ಪತ್ರೆಯ ಮಾತು.

ಅಜಿತ್ರೊಮೈಸಿನ್ ಬಗ್ಗೆ ನನ್ನ ತಕರಾರು ಬೇರೆ. “ದಿನಕ್ಕೊಂದರಂತೆ ಮೂರು ದಿನ” ಎಂಬ ಸುಲಭವೇ ಅದಕ್ಕೆ ಮುಳುವಾಗಿದೆ. ಶೀತಕ್ಕೂ ಅದೇ, ಗಂಟಲಿಗೂ ಅದೇ. ಮಾತ್ರೆ ನಿಲ್ಲಿಸಿದ ಮೇಲೂ ಅದು ದಿನಗಟ್ಟಲೆ ಅಂಗಾಂಶಗಳಲ್ಲಿ ಉಳಿಯುತ್ತದೆ. ಮೂರು ದಿನದ ಕೋರ್ಸ್ ಸಾಲುವುದು ಅದರಿಂದಲೇ. ಆದರೆ ಆ ಇಳಿಗಾಲದ ಅಲ್ಪ ಪ್ರಮಾಣವೇ ಬ್ಯಾಕ್ಟೀರಿಯಾಗಳಿಗೆ ತಾಳಿಕೊಳ್ಳುವ ಪಾಠವನ್ನೂ ಕಲಿಸುತ್ತದೆ. ಹೃದಯದ ಬಡಿತ ತಪ್ಪುವ ತೊಂದರೆ ಇದ್ದವರು, ಇಸಿಜಿಯಲ್ಲಿ ಕ್ಯೂಟಿ ಉದ್ದವಾಗಿದೆ ಎಂದು ಹೇಳಿಸಿಕೊಂಡವರು ಇದನ್ನು ತಾವಾಗಿ ಮುಟ್ಟಲೇಬಾರದು. ಈ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2013ರಲ್ಲೇ ಎಚ್ಚರಿಸಿದ್ದಾರೆ.

ಇನ್ನು ಸೆಫ್ಟ್ರಿಯಾಕ್ಸೋನ್. ಇಂಜೆಕ್ಷನ್ ಆದ್ದರಿಂದ ಜನರ ಕಣ್ಣಿಗೆ ಇದೇ ದೊಡ್ಡದು. ಇಲಿಜ್ವರ ತೀವ್ರವಾಗಿ ಆಸ್ಪತ್ರೆ ಸೇರಿದವರಿಗೆ ಇದು ಅಥವಾ ಪೆನಿಸಿಲಿನ್ ಇಂಜೆಕ್ಷನ್ ಬೇಕು, ಅಲ್ಲಿ ಎರಡು ಮಾತಿಲ್ಲ. ಆದರೆ ಸ್ಕ್ರಬ್ ಟೈಫಸ್‌ನ ಮೇಲೆ ಇದು ಕೆಲಸವನ್ನೇ ಮಾಡುವುದಿಲ್ಲ. ಆ ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳ ಒಳಗೆ ಹೊಕ್ಕು ಬೆಳೆಯುವಂಥದ್ದು. ಪೆನಿಸಿಲಿನ್, ಸೆಫಲೋಸ್ಪೊರಿನ್ ವರ್ಗದ ಯಾವುದಕ್ಕೂ ಅದು ಜಗ್ಗದು. ದಿನಕ್ಕೆರಡು ದುಬಾರಿ ಇಂಜೆಕ್ಷನ್ ಹಾಕಿಸಿಕೊಂಡರೂ ಜ್ವರ ಬಿಡದೆ, ಸಾದಾ ಡಾಕ್ಸಿಸೈಕ್ಲಿನ್ ಶುರುಮಾಡಿದ ಒಂದೆರಡು ದಿನದಲ್ಲಿ ಇಳಿಯುವುದು ಈ ಕಾಯಿಲೆಯಲ್ಲಿ ಹೊಸತೇನಲ್ಲ. ಪವರ್ ಲೆಕ್ಕ ಬುಡ ಸಮೇತ ಉಲ್ಟಾ ಆಗುವುದು ಇಲ್ಲಿ.

ಡಾಕ್ಸಿಸೈಕ್ಲಿನ್ ಕೊಡುವಾಗ ನಾವು ಹೇಳುವುದು ಮೂರು ವಿಷಯ. ದೊಡ್ಡ ಲೋಟ ತುಂಬ ನೀರು ಕುಡಿದು ನುಂಗಿ, ಆಮೇಲೆ ಅರ್ಧ ಗಂಟೆಯಾದರೂ ಮಲಗಬೇಡಿ. ರಾತ್ರಿ ಮಲಗುವ ಹೊತ್ತಿಗೆ ಒಂದು ಗುಟುಕಿನಲ್ಲಿ ನುಂಗಿ ಅಡ್ಡಾದರೆ ಕ್ಯಾಪ್ಸೂಲ್ ಅನ್ನನಾಳಕ್ಕೆ ಅಂಟಿಕೊಂಡು ಅಲ್ಲೇ ಹುಣ್ಣು ಮಾಡುತ್ತದೆ. ಮರುದಿನ ಎಂಜಲು ನುಂಗಲೂ ಆಗದೆ ಎದೆ ಹಿಡಿದುಕೊಂಡು ಬರುವವರು ಹಾರ್ಟ್ ಅಟ್ಯಾಕ್ ಎಂದೇ ಹೆದರಿರುತ್ತಾರೆ. ಹೊಟ್ಟೆ ತೊಳಸುವವರು ಗಂಜಿ ಉಂಡ ಮೇಲೆ ತೆಗೆದುಕೊಳ್ಳಬಹುದು. ಆದರೆ ಐರನ್, ಕ್ಯಾಲ್ಸಿಯಂ ಮಾತ್ರೆ, ಗ್ಯಾಸಿನ ಅಂಟಾಸಿಡ್ ಸಿರಪ್ ಜೊತೆಗೆ ಬೇಡ. ಎರಡು ಮೂರು ಗಂಟೆ ಅಂತರ ಇರಲಿ, ಇಲ್ಲವಾದರೆ ಮದ್ದು ಅವುಗಳಿಗೆ ಅಂಟಿಕೊಂಡು ಮೈಗೆ ಸೇರದೆ ಹೋಗುತ್ತದೆ. ಮೂರನೆಯದು ಬಿಸಿಲು. ಈ ಮಾತ್ರೆ ನುಂಗುವಾಗ ಚರ್ಮ ಬೇಗ ಸುಡುತ್ತದೆ. ಮಳೆಗಾಲದಲ್ಲಿ ಬಿಸಿಲೆಲ್ಲಿ ಎಂದು ನಗಬೇಡಿ. ಜೂನ್, ಜುಲೈಯ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಮಲ್ಪೆಯಿಂದ ಬೋಟು ಹತ್ತುವವರು ತುಂಬುತೋಳಿನ ಅಂಗಿ, ತಲೆಗೆ ಟೊಪ್ಪಿ ಮರೆಯಬಾರದು.

ನೆರೆನೀರಿನಲ್ಲಿ ಕೆಲಸ ಮಾಡಲೇಬೇಕಾದವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಮುಂಜಾಗ್ರತೆಯಾಗಿ ಕೊಡುವುದುಂಟು. 2018ರ ನೆರೆಯ ಹೊತ್ತಿಗೆ ಕೇರಳದಲ್ಲಿ ಇದನ್ನು ವ್ಯಾಪಕವಾಗಿ ಹಂಚಿದರು. ಆರೋಗ್ಯ ಕೇಂದ್ರದವರು ಹೇಳಿದ ಅವಧಿಗೆ ಮಾತ್ರ ತೆಗೆದುಕೊಳ್ಳಬೇಕು. ಇಡೀ ಮಳೆಗಾಲ ನುಂಗುತ್ತ ಕೂರುವುದಕ್ಕಿಂತ ಗಂಬೂಟು ಹಾಕುವುದು ಲೇಸು.

ಗಂಟಲು, ಹಲ್ಲು, ಕಫ: ಅಮೋಕ್ಸಿಸಿಲಿನ್ ಸಾಕೇ, ಕ್ಲಾವ್ ಬೇಕೇ

ಗಂಟಲು ನೋವಿನಲ್ಲಿ ಹೆಚ್ಚಿನವು ವೈರಸ್‌ನವು. ಮೂಗು ಸುರಿಯುತ್ತಿದೆ, ಕೆಮ್ಮಿದೆ, ಧ್ವನಿ ಕಟ್ಟಿದೆ ಎಂದರೆ ಉಪ್ಪುನೀರು ಮುಕ್ಕಳಿಸಿ ಕಾಯಿರಿ. ಕೆಮ್ಮಿಲ್ಲ, ಜೋರು ಜ್ವರವಿದೆ, ಟಾನ್ಸಿಲ್ ಮೇಲೆ ಬಿಳಿ ಕೀವು, ದವಡೆಯ ಕೆಳಗೆ ನೋವಿನ ಗಂಟು ಇದೆ ಎಂದರೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದಕ್ಕೆ ಸಾದಾ ಅಮೋಕ್ಸಿಸಿಲಿನ್ ಅಥವಾ ಪೆನಿಸಿಲಿನ್ ಸಾಕು, ಆದರೆ 10 ದಿನ. ಮಕ್ಕಳಲ್ಲಿ ಇದನ್ನು ಅರ್ಧಕ್ಕೆ ಬಿಟ್ಟರೆ ಮುಂದೆ ಕೀಲುವಾತದ ಜ್ವರ ಬಂದು ಹೃದಯದ ಕವಾಟ ಕೆಡಬಹುದು. ಹಾಗಾಗಿ ಇಲ್ಲಿ ದಿನದ ಲೆಕ್ಕದಲ್ಲಿ ರಾಜಿ ಬೇಡ.

ಅಮೋಕ್ಸಿಸಿಲಿನ್‌ಗೆ ಕ್ಲಾವುಲನಿಕ್ ಆಸಿಡ್ ಸೇರಿಸುವುದು ಯಾಕೆ? ಕೆಲವು ಬ್ಯಾಕ್ಟೀರಿಯಾಗಳು ಪೆನಿಸಿಲಿನ್ ವರ್ಗವನ್ನು ಕತ್ತರಿಸುವ ಒಂದು ಕಿಣ್ವ ತಯಾರಿಸುತ್ತವೆ. ಕ್ಲಾವುಲನಿಕ್ ಆಸಿಡ್ ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ನಾಯಿ, ಬೆಕ್ಕು ಕಚ್ಚಿದ ಗಾಯ, ಬಿಡದೆ ಕಾಡುವ ಸೈನಸ್, ಕೆಲವು ಬಗೆಯ ನ್ಯುಮೋನಿಯಾಕ್ಕೆ ಇದು ಬೇಕು. (ನಾಯಿ ಕಚ್ಚಿದರೆ ರೇಬಿಸ್ ಚುಚ್ಚುಮದ್ದು ಮೊದಲು, ಆಂಟಿಬಯೋಟಿಕ್ ಆಮೇಲೆ.) ಸ್ಟ್ರೆಪ್ಟೊಕಾಕಸ್ ಆ ಕಿಣ್ವ ತಯಾರಿಸುವುದೇ ಇಲ್ಲ. ಅದಕ್ಕೆ ಕ್ಲಾವ್ ಸೇರಿಸಿದರೆ ಬೇಧಿಯೊಂದು ಹೆಚ್ಚಿಗೆ ಸಿಗುತ್ತದೆ, ಲಾಭವೇನಿಲ್ಲ. ಹಲ್ಲಿನ ಬಾವಿಗೂ ಹೆಚ್ಚಿನ ಸಲ ಅಮೋಕ್ಸಿಸಿಲಿನ್ ಸಾಲುತ್ತದೆ. ಹಲ್ಲನ್ನು ಸರಿಮಾಡಿಸದೆ ಬರೀ ಮಾತ್ರೆ ನುಂಗಿದರೆ ಬಾವು ತಿಂಗಳಿಗೊಮ್ಮೆ ಮರಳಿ ಬರುತ್ತದೆ.

ಒಂದು ಲೆಕ್ಕ ಗೊತ್ತಿರಲಿ. 625 ಎಂದರೆ 500 ಅಮೋಕ್ಸಿಸಿಲಿನ್, 125 ಕ್ಲಾವ್. 375 ಎಂದರೆ 250 ಅಮೋಕ್ಸಿಸಿಲಿನ್, ಕ್ಲಾವ್ ಅದೇ 125. ಅಂಗಡಿಯಲ್ಲಿ 625 ಮುಗಿದಿದೆ ಎಂದು 375ರದ್ದು ಎರಡು ನುಂಗಿದರೆ ಕ್ಲಾವ್ ಇಮ್ಮಡಿಯಾಗುತ್ತದೆ, ಹೊಟ್ಟೆ ಕೆಡುವ ಸಂಭವ ಹೆಚ್ಚು. ಊಟದ ಮೊದಲ ತುತ್ತಿನ ಜೊತೆ ತೆಗೆದುಕೊಂಡರೆ ಹೊಟ್ಟೆಗೆ ಹಗುರ. ಅಪರೂಪಕ್ಕೆ, ಹೆಚ್ಚಾಗಿ ವಯಸ್ಸಾದವರಲ್ಲಿ, ಕೋರ್ಸ್ ಮುಗಿದು ವಾರಗಳಾದ ಮೇಲೂ ಕಣ್ಣು ಹಳದಿಯಾಗಿ ಮೈ ತುರಿಸಬಹುದು. ಆಗ “ಹಿಂದೆ ಈ ಮಾತ್ರೆ ತೆಗೆದುಕೊಂಡಿದ್ದೆ” ಎಂದು ಡಾಕ್ಟರಿಗೆ ಹೇಳಿ.

ಪೆನಿಸಿಲಿನ್ ಅಲರ್ಜಿ ಇದೆ ಎನ್ನುವವರಲ್ಲಿ ಬಹುಪಾಲು ಜನರಿಗೆ ಪರೀಕ್ಷಿಸಿದರೆ ನಿಜವಾಗಿ ಇರುವುದಿಲ್ಲ. ಬೇಧಿಯಾದದ್ದನ್ನೇ ಅಲರ್ಜಿ ಎಂದುಕೊಂಡವರೂ ಇದ್ದಾರೆ. ಹಾಗೆಂದು ಮನೆಯಲ್ಲಿ ಪರೀಕ್ಷೆ ಮಾಡಿ ನೋಡಬೇಡಿ. ಏನಾಗಿತ್ತು, ಎಷ್ಟು ಹೊತ್ತಿನ ಮೇಲೆ ಆಗಿತ್ತು ಎಂಬುದನ್ನು ಹೇಳಿದರೆ ಸಾಕು. ನುಂಗಿದ ಸ್ವಲ್ಪ ಹೊತ್ತಿನಲ್ಲೇ ತುಟಿ ಊದಿ, ಮೈಯೆಲ್ಲ ದಡಿಕೆ ಎದ್ದು, ಉಸಿರು ಕಟ್ಟಿದ್ದರೆ ಅದು ತಮಾಷೆಯಲ್ಲ. ಆ ಹೆಸರು ನಿಮ್ಮ ಪ್ರತಿ ಚೀಟಿಯ ಮೇಲೂ ಇರಬೇಕು.

ಉರಿಮೂತ್ರ: ಇಲ್ಲಿ ಕಿರಿದೇ ಉತ್ತಮ

ಮೂತ್ರ ಉರಿ, ಪದೇಪದೇ ಹೋಗಬೇಕೆನಿಸುವುದು, ಜ್ವರವಿಲ್ಲ. ಹೆಂಗಸರು ಈ ತೊಂದರೆ ಹೇಳಿಕೊಂಡು ಬಂದಾಗ ಹಿಂದೆ ಸಿಪ್ರೊಫ್ಲಾಕ್ಸಸಿನ್ ಅಥವಾ ನಾರ್‌ಫ್ಲಾಕ್ಸಸಿನ್ ಕೊಡುವುದು ವಾಡಿಕೆಯಾಗಿತ್ತು. ಈಗ ನಮ್ಮ ದೇಶದಲ್ಲಿ ಮೂತ್ರದ ಸೋಂಕು ತರುವ ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಈ ವರ್ಗಕ್ಕೆ ಬಹಳ ಮಟ್ಟಿಗೆ ಬಗ್ಗುವುದಿಲ್ಲ. ನೈಟ್ರೋಫ್ಯುರಾಂಟೊಯಿನ್ ಎಂಬ ಹಳೆಯ ಮದ್ದು ಮಾತ್ರ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಯದ್ದು 100 ಮಿಲಿಗ್ರಾಂ ದಿನಕ್ಕೆರಡು ಸಲ, 5 ದಿನ, ಊಟದ ಜೊತೆ. ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಮದ್ದಿನ ಬಣ್ಣವದು. ಒಂದೇ ಸಲ ನೀರಿಗೆ ಕದಡಿ ಕುಡಿಯುವ 3 ಗ್ರಾಂ ಫಾಸ್ಫೊಮೈಸಿನ್ ಪುಡಿ ಇನ್ನೊಂದು ದಾರಿ, ತುಸು ದುಬಾರಿ.

ನೈಟ್ರೋಫ್ಯುರಾಂಟೊಯಿನ್ ಮೂತ್ರಕೋಶದಲ್ಲಿ ಮಾತ್ರ ಸಾಕಷ್ಟು ಪ್ರಮಾಣದಲ್ಲಿ ಶೇಖರವಾಗುತ್ತದೆ. ಅದರ ಗುಣವೂ ಇದೇ, ಮಿತಿಯೂ ಇದೇ. ಚಳಿಜ್ವರ, ಬೆನ್ನಿನ ಪಕ್ಕೆಯಲ್ಲಿ ನೋವು, ವಾಂತಿ ಬಂತೆಂದರೆ ಸೋಂಕು ಕಿಡ್ನಿಗೆ ಏರಿದೆ ಎಂದು ತಿಳಿಯಬೇಕು. ಅಲ್ಲಿ ಇದು ಸಾಲದು, ಮೂತ್ರದ ಕಲ್ಚರ್ ಮಾಡಿಸಿ ಬೇರೆ ಮದ್ದು ಶುರುಮಾಡಬೇಕು. ಕಿಡ್ನಿ ದುರ್ಬಲವಾಗಿದ್ದವರಿಗೆ, ಹೆರಿಗೆ ಹತ್ತಿರವಾದವರಿಗೆ ಇದು ಆಗದು. ಗಂಡಸರ ಉರಿಮೂತ್ರಕ್ಕೆ ಪ್ರಾಸ್ಟೇಟ್ ಕಾರಣವಿರಬಹುದಾದ್ದರಿಂದ ಡಾಕ್ಟರನ್ನು ಕಾಣದೆ ಯಾವ ಮಾತ್ರೆಯೂ ಬೇಡ. ಇನ್ನೊಂದು ಮಾತು: ವಯಸ್ಸಾದವರ ಮೂತ್ರ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಂಡಿತು, ತೊಂದರೆ ಏನೂ ಇಲ್ಲ ಎಂದರೆ ಸಾಮಾನ್ಯವಾಗಿ ಮದ್ದೇ ಬೇಡ. ಗರ್ಭಿಣಿಯರಿಗೆ ಮಾತ್ರ ಈ ವಿನಾಯಿತಿ ಇಲ್ಲ.

ಸಿಪ್ರೊ, ಲಿವೊ, ಸೆಫಿಕ್ಸಿಮ್

ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಒಂದೇ ವರ್ಗದವು. ಬೇರೆ ದಾರಿ ಇದ್ದಾಗ ಇವು ಬೇಡ ಎನ್ನುವವರ ಪೈಕಿ ನಾನು. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಹರಿಯಬಹುದು. 60 ದಾಟಿದವರಿಗೆ, ಸ್ಟಿರಾಯ್ಡ್ ತೆಗೆದುಕೊಳ್ಳುವವರಿಗೆ ಈ ಅಪಾಯ ಹೆಚ್ಚು. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರಿಗೆ ಸಕ್ಕರೆ ಇದ್ದಕ್ಕಿದ್ದಂತೆ ಇಳಿಯಬಹುದು. ಬೆನ್ನುನೋವಿಗೆಂದು ಟಿಜಾನಿಡಿನ್ ಇರುವ ಮಾತ್ರೆ ನುಂಗುವವರು ಸಿಪ್ರೊ ಜೊತೆಗೆ ಅದನ್ನು ತೆಗೆದುಕೊಳ್ಳಲೇಬಾರದು, ಬಿಪಿ ಕುಸಿದು ಬಿದ್ದುಬಿಡುತ್ತಾರೆ. ಎಲ್ಲಕ್ಕಿಂತ ಮೋಸದ್ದು ಇನ್ನೊಂದಿದೆ. ಕ್ಷಯದ ಬ್ಯಾಕ್ಟೀರಿಯಾವನ್ನು ಈ ವರ್ಗ ಸ್ವಲ್ಪ ಮಟ್ಟಿಗೆ ಅದುಮುತ್ತದೆ. ವಾರಗಟ್ಟಲೆ ಕೆಮ್ಮುವವರು ಲಿವೊ ನುಂಗಿದರೆ ಹಾಯೆನಿಸಿ, ರೋಗ ಪತ್ತೆಯಾಗುವುದು ತಿಂಗಳು ಮುಂದಕ್ಕೆ ಹೋಗುತ್ತದೆ. ಎರಡು ವಾರ ದಾಟಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ.

ಟೈಫಾಯ್ಡ್‌ಗೆ ಸಿಪ್ರೊ ನಮ್ಮಲ್ಲಿ ಈಗ ನಡೆಯುವುದಿಲ್ಲ. ಅಜಿತ್ರೊಮೈಸಿನ್, ಸೆಫಿಕ್ಸಿಮ್, ಗಂಭೀರವಾದರೆ ಸೆಫ್ಟ್ರಿಯಾಕ್ಸೋನ್. ವಿಡಾಲ್ ಎಂಬ ರಕ್ತಪರೀಕ್ಷೆ ಪಾಸಿಟಿವ್ ಬಂತೆಂದು ಮಾತ್ರಕ್ಕೆ ಟೈಫಾಯ್ಡ್ ಎನ್ನಲಾಗದು, ಮಾತ್ರೆಗೆ ಮೊದಲೇ ಬ್ಲಡ್ ಕಲ್ಚರ್‌ಗೆ ಕೊಡುವುದು ಸರಿಯಾದ ಕ್ರಮ. ಸರಿಯಾದ ಮದ್ದು ಕೊಟ್ಟರೂ ಜ್ವರ ಇಳಿಯಲು ನಾಲ್ಕೈದು ದಿನ ಹಿಡಿಯುತ್ತದೆ. ಎರಡನೇ ದಿನಕ್ಕೇ ಡಾಕ್ಟರನ್ನು ಬದಲಿಸಿದರೆ ಮಾತ್ರೆಯೂ ಬದಲಾಗುತ್ತದೆ, ಯಾವುದರಿಂದ ಗುಣವಾಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಸೆಫಿಕ್ಸಿಮ್‌ಗೆ ವ್ಯಾಪ್ತಿ ದೊಡ್ಡದೆಂಬ ಹೆಸರಿದೆ. ಆದರೆ ಕುರು, ಕೀವಿನ ಗಾಯಕ್ಕೆ ಕಾರಣವಾಗುವ ಸ್ಟಾಫಿಲೊಕಾಕಸ್ ಮೇಲೆ ಅದು ಬಹಳ ದುರ್ಬಲ. ಅಲ್ಲಿ ಹಳೆಯ ಸೆಫಲೆಕ್ಸಿನ್ ಅಥವಾ ಕ್ಲಾಕ್ಸಸಿಲಿನ್ ಮೇಲು. ಹೊಟ್ಟೆ ಕೆಟ್ಟರೆ ಮೊದಲು ಓಆರ್‌ಎಸ್, ಮಕ್ಕಳಿಗೆ ಜೊತೆಗೆ ಜಿಂಕ್. ರಕ್ತ ಬಿದ್ದರೆ, ಜ್ವರ ಜೋರಿದ್ದರೆ ಡಾಕ್ಟರು.

ಸಕ್ಕರೆ ಕಾಯಿಲೆ ಇದ್ದು ಮಳೆಗಾಲದಲ್ಲಿ ಬಿಡದ ಜ್ವರ

ಇದು ನಮ್ಮ ಜಿಲ್ಲೆಗಳವರು ತಿಳಿದಿರಲೇಬೇಕಾದ ವಿಷಯ. ಮೆಲಿಯಾಯ್ಡೋಸಿಸ್ ಎಂಬ ಕಾಯಿಲೆ ಕರಾವಳಿಯಲ್ಲಿ ಉಂಟು. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನವರು ಇದರ ಬಗ್ಗೆ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ಮಣ್ಣು, ನೀರಿನಲ್ಲಿರುವ ಬರ್ಕ್‌ಹೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಮಳೆ ಜೋರಾದಾಗ ಗಾಯದಿಂದಲೋ ಉಸಿರಿನಿಂದಲೋ ಒಳಸೇರುತ್ತದೆ. ಹೆಚ್ಚಾಗಿ ಸಿಕ್ಕಿಬೀಳುವವರು ಸಕ್ಕರೆ ಕಾಯಿಲೆಯವರು. ನ್ಯುಮೋನಿಯಾದಂತೆ ಕಾಣಬಹುದು, ಕ್ಷಯದಂತೆ ಕಾಣಬಹುದು, ಲಿವರ್‌ನಲ್ಲಿ, ಗುಲ್ಮದಲ್ಲಿ, ಕೀಲಿನಲ್ಲಿ ಕೀವು ಕಟ್ಟಬಹುದು.

ಅಮೋಕ್ಸಿಸಿಲಿನ್, ಅಜಿತ್ರೊಮೈಸಿನ್, ಜೆಂಟಾಮೈಸಿನ್ ಇದರ ಮುಂದೆ ನಿಲ್ಲುವುದಿಲ್ಲ. ಸೆಫ್ಟ್ರಿಯಾಕ್ಸೋನ್ ಕೊಟ್ಟು ಕಾದರೆ ರೋಗಿ ಕೈತಪ್ಪುವ ಸಂಭವ ಹೆಚ್ಚು. ಬೇಕಾದದ್ದು ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ನರಕ್ಕೆ, ಕಡಿಮೆಯೆಂದರೂ 10ರಿಂದ 14 ದಿನ. ಆಮೇಲೆ ಕೋ-ಟ್ರೈಮೊಕ್ಸಜೋಲ್ ಮಾತ್ರೆ ಮೂರು ತಿಂಗಳಿನಷ್ಟು. ಜ್ವರ ಬಿಟ್ಟು, ಊಟ ಸೇರಿ, ಮೈ ತುಂಬಿಕೊಂಡ ಮೇಲೂ ಮಾತ್ರೆ ಬಿಡುವಂತಿಲ್ಲ, ಬಿಟ್ಟರೆ ಮರುಕಳಿಸುತ್ತದೆ. ಈ ಮಾತ್ರೆ ನುಂಗುವಾಗ ಮೈಮೇಲೆ ಕೆಂಪು ಬೊಕ್ಕೆ, ಬಾಯಲ್ಲಿ ಹುಣ್ಣು, ಚರ್ಮ ಸುಲಿಯುವುದು ಕಂಡರೆ ಮಾತ್ರ ತಕ್ಷಣ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹಾಗಾಗಿ ಸಕ್ಕರೆ ಕಾಯಿಲೆಯವರಿಗೆ ಮೂರು ನಾಲ್ಕು ದಿನದ ಆಂಟಿಬಯೋಟಿಕ್‌ಗೆ ಜ್ವರ ಬಿಡದಿದ್ದರೆ ಇನ್ನೊಂದು ಸ್ಟ್ರಿಪ್ ಕೇಳುವುದಲ್ಲ, ಬ್ಲಡ್ ಕಲ್ಚರ್ ಮಾಡಿಸುವುದು.

ಕೌಂಟರಿನಿಂದ ಹೊರಡುವ ಮೊದಲು

ಗರ್ಭಿಣಿಯೇ, ಎದೆಹಾಲು ಕೊಡುತ್ತೀರೇ, ಕಿಡ್ನಿ ತೊಂದರೆ ಉಂಟೇ, ವಾರ್ಫರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆ ಇದೆಯೇ, ಇದನ್ನು ನಾವು ಕೇಳದಿದ್ದರೂ ನೀವೇ ಹೇಳಿ. ಆಂಟಿಬಯೋಟಿಕ್ ಸ್ಟ್ರಿಪ್ಪಿನ ಬೆನ್ನಿಗೆ ಉದ್ದಕ್ಕೆ ಕೆಂಪು ಗೆರೆ ಇರುತ್ತದೆ, ಚೀಟಿ ಇಲ್ಲದೆ ಕೊಡಬಾರದೆಂಬುದು ಅದರ ಅರ್ಥ. ಸೆಫಿಕ್ಸಿಮ್, ಲಿವೊಫ್ಲಾಕ್ಸಸಿನ್‌ನಂಥವು 2014ರಿಂದ ಶೆಡ್ಯೂಲ್ ಎಚ್1 ಎಂಬ, ಲೆಕ್ಕ ಬರೆದಿಟ್ಟೇ ಮಾರಬೇಕಾದ ಮದ್ದುಗಳ ಪಟ್ಟಿಯಲ್ಲಿವೆ. ಡಾಕ್ಟರ ಹೆಸರು, ನಿಮ್ಮ ಹೆಸರನ್ನು ನಾವು ಒಂದು ಪುಸ್ತಕದಲ್ಲಿ ಬರೆದಿಟ್ಟು ಅದನ್ನು ಮೂರು ವರ್ಷ ಕಾಪಾಡಬೇಕು. ಚೀಟಿ ಕೇಳಿದರೆ ಸಿಟ್ಟಾಗಬೇಡಿ. ಜನೌಷಧಿಯಲ್ಲಿ ಸಿಗುವ ಮಾತ್ರೆಗೂ ಬ್ರ್ಯಾಂಡಿನದ್ದಕ್ಕೂ ಒಳಗಿನ ಮದ್ದು ಅದೇ. ಹೆಸರು, ಮಿಲಿಗ್ರಾಂ ತಾಳೆಯಾದರೆ ಸಾಕು.

ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ, ಎರಡು ಒಟ್ಟಿಗೆ ಬೇಡ. ಉಳಿದ ಮಾತ್ರೆಯನ್ನು ಮುಂದಿನ ಸಲಕ್ಕೆಂದು ಡಬ್ಬಿಯಲ್ಲಿ ಇಡಬೇಡಿ.

ಕೊನೆಗೆ ನಮ್ಮ ಊರಿನ ತೇವದ ವಿಷಯ. ಅಮೋಕ್ಸಿ-ಕ್ಲಾವ್ ಮಾತ್ರೆಗೆ ತೇವ ಎಂದರೆ ಆಗದು. ವಾರದ ಮಾತ್ರೆಗಳನ್ನೆಲ್ಲ ಬಿಡಿಸಿ ಖಾನೆ ಡಬ್ಬಿಗೆ ಹಾಕಿಡುವ ಅಭ್ಯಾಸ ಬಿಪಿ ಮಾತ್ರೆಗೆ ಸರಿಹೋದೀತು. ಇದನ್ನು ಜುಲೈಯಲ್ಲಿ ಹಾಗೆ ಇಟ್ಟರೆ ಎರಡು ದಿನದಲ್ಲಿ ಬಿಳಿ ಮಾತ್ರೆ ಹಳದಿಗೆ ತಿರುಗಿ ಮೆತ್ತಗಾಗಬಹುದು. ನುಂಗುವ ಹೊತ್ತಿಗೇ ಸ್ಟ್ರಿಪ್ ಹರಿಯಿರಿ. ಮಕ್ಕಳ ಪುಡಿ ಸಿರಪ್‌ಗೆ ಕುದಿಸಿ ಆರಿದ ನೀರನ್ನು ಬಾಟಲಿಯ ಗೆರೆಯ ತನಕ ಮಾತ್ರ ಹಾಕಿ, ಪ್ರತಿ ಸಲ ಕುಲುಕಿ. ಕ್ಲಾವ್ ಇರುವ ಸಿರಪ್ ಫ್ರಿಜ್‌ನಲ್ಲಿಟ್ಟು 7 ದಿನದೊಳಗೆ ಮುಗಿಸಬೇಕು. ಗಾಳಿಮಳೆಗೆ ಮರ ಬಿದ್ದು ಇಡೀ ದಿನ ಕರೆಂಟು ಹೋಗಿದ್ದರೆ ಆ ಬಾಟಲಿ ಹಿಡಿದುಕೊಂಡು ಮೆಡಿಕಲ್‌ಗೆ ಬಂದು ಕೇಳಿ. ಹೊಸತು ಕಲಸಿಕೊಡುವುದು ನಮಗೇನೂ ಭಾರವಲ್ಲ.